ರೋಗಿಯ ಕಡೆಯವರ ಕೈಗೆ ಚೀಟಿ ಕೊಟ್ಟು ಓಡಿಸುವುದನ್ನು ನಿಲ್ಲಿಸಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಆಸ್ಪತ್ರೆಗಳ ನಡುವೆ ಮತ್ತು ಆಸ್ಪತ್ರೆಯೊಳಗಿನ ವಿಭಾಗಗಳ ನಡುವೆ ರೋಗಿಯ ಮಾಹಿತಿ ದಾಟದೆ ಇರುವ ಕುರಿತು.

ಮಾನ್ಯರೇ,

ಒಂದೇ ಪತ್ರವನ್ನು ನಿಮ್ಮಿಬ್ಬರಿಗೂ ಬರೆಯುತ್ತಿದ್ದೇನೆ. ಬೇರೆ ಬೇರೆಯಾಗಿ ಬರೆದರೆ ಏನಾಗುತ್ತದೆಂದು ಸರ್ಕಾರಿ ಸೇವೆಯಲ್ಲಿದ್ದವರಿಗೆಲ್ಲ ಗೊತ್ತು. ತಾಲ್ಲೂಕು ಆಸ್ಪತ್ರೆಯ ಮಾತು ಒಂದು ಕಡತಕ್ಕೆ ಸೇರುತ್ತದೆ, ಜಿಲ್ಲಾ ಆಸ್ಪತ್ರೆಯ ಮಾತು ಇನ್ನೊಂದಕ್ಕೆ. ಕೊನೆಗೆ ಎರಡೂ ಕಡೆಯಿಂದ, ಸದರಿ ವಿಷಯವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಹಿಂಬರಹ ಬರುತ್ತದೆ. ನನ್ನ ದೂರು ಇರುವುದು ಈ ಎರಡು ವ್ಯಾಪ್ತಿಗಳ ನಡುವೆ ಯಾರಿಗೂ ಸೇರದೆ ಉಳಿದಿರುವ ಜಾಗದ ಬಗ್ಗೆ.

ನಾನು ನಿವೃತ್ತ ಶುಶ್ರೂಷಕಿ. ಸೇವೆಯ ಬಹುಭಾಗವನ್ನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೊಠಡಿಯಲ್ಲಿ, ಉಳಿದದ್ದನ್ನು ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದವಳು. ಹಾಗಾಗಿ ಕಳಿಸುವವರ ಕಷ್ಟವೂ ಗೊತ್ತು, ಬರಮಾಡಿಕೊಳ್ಳುವವರ ಕಷ್ಟವೂ ಗೊತ್ತು. ಆದರೆ ನಿವೃತ್ತಿಯ ನಂತರ, ಸಮವಸ್ತ್ರವಿಲ್ಲದೆ, ರೋಗಿಯ ಕಡೆಯವಳಾಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಕಂಡದ್ದು ಬೇರೆಯೇ. ಅದನ್ನು ಹೇಳದೆ ಇರಲಾರೆ.

ನನ್ನ ತಂಗಿಯ ಸೊಸೆಗೆ ಎಂಟು ತಿಂಗಳು ತುಂಬಿತ್ತು. ತಲೆನೋವು, ಕಣ್ಣು ಮಂಜು, ಕಾಲು ಬಾವು. ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದರೆ 170ರ ಮೇಲೆ. ಅಲ್ಲಿಯ ವೈದ್ಯರು ಮಾಡಬೇಕಾದದ್ದನ್ನು ಸರಿಯಾಗಿಯೇ ಮಾಡಿದರು. ಗರ್ಭನಂಜಿನ ಫಿಟ್ಸ್ ಬರದಂತೆ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಪೂರ್ತಿ ಡೋಸು ಕೊಟ್ಟು, 108 ಕರೆಸಿ, ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಹೆಸರು, ವಯಸ್ಸು, ಬಿ.ಪಿ., ಮತ್ತು ‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಎಂಬ ಸಾಲು. ಇಂಜೆಕ್ಷನ್ ಯಾವುದು, ಎಷ್ಟು, ಎಷ್ಟು ಹೊತ್ತಿಗೆ ಎಂಬುದು ಚೀಟಿಯಲ್ಲಿ ಇರಲಿಲ್ಲ. ಅದು ಅವರದೇ ಕೇಸ್ ಶೀಟಿನಲ್ಲಿತ್ತು, ಕೇಸ್ ಶೀಟು ತಾಲ್ಲೂಕು ಆಸ್ಪತ್ರೆಯಲ್ಲಿತ್ತು.

ಜಿಲ್ಲಾ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆ ನನ್ನ ತಂಗಿಯನ್ನು ಕೇಳಿದರು: “ಅಲ್ಲಿ ಇಂಜೆಕ್ಷನ್ ಏನಾದರೂ ಕೊಟ್ಟಿದ್ದಾರಾ?” ತಂಗಿ ಓದಿದವಳಲ್ಲ. “ಎರಡೂ ಸೊಂಟಕ್ಕೆ ಸೂಜಿ ಹಾಕಿದರು ಮೇಡಂ” ಎಂದಳು. ಆ ಉತ್ತರದ ಮೇಲೆ ಆ ವೈದ್ಯೆ ಏನು ತೀರ್ಮಾನ ಮಾಡಬೇಕು? ಡೋಸು ಕೊಟ್ಟಿಲ್ಲವೆಂದುಕೊಂಡು ಮತ್ತೆ ಪೂರ್ತಿ ಕೊಟ್ಟರೆ ಮ್ಯಾಗ್ನೀಸಿಯಂ ವಿಷವಾಗಬಹುದು. ಮೊದಲು ಮೊಣಕಾಲಿನ ಪ್ರತಿಕ್ರಿಯೆ ಹೋಗುತ್ತದೆ, ಆಮೇಲೆ ಉಸಿರು ನಿಧಾನವಾಗುತ್ತದೆ. ಕೊಟ್ಟಿದ್ದಾರೆಂದುಕೊಂಡು ಬಿಟ್ಟರೆ, ನಿಜಕ್ಕೂ ಕೊಟ್ಟಿರದಿದ್ದರೆ, ಹಾಸಿಗೆಯ ಮೇಲೆಯೇ ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರ ಜೀವವೂ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು, ಉತ್ತರ ಹೇಳಬೇಕಾದವಳು ಗಾಬರಿಯಲ್ಲಿ ನಡುಗುತ್ತಿದ್ದ ಅತ್ತೆ.

ನಾನು ಅಲ್ಲಿದ್ದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಪಾಳಿಯಲ್ಲಿದ್ದ ನರ್ಸ್ ನನ್ನ ಪರಿಚಯದವಳು. ಫೋನ್ ಮಾಡಿ ಕೇಳಿದೆ. ಕೇಸ್ ಶೀಟ್ ತೆರೆದು ಔಷಧ, ಪ್ರಮಾಣ, ಕೊಟ್ಟ ಗಂಟೆ ಎಲ್ಲ ಓದಿ ಹೇಳಿದಳು. ವೈದ್ಯೆ ಬರೆದುಕೊಂಡರು, ಮುಂದಿನ ಡೋಸು ಯಾವಾಗ ಎಂದು ಲೆಕ್ಕ ಹಾಕಿದರು. ಆ ಫೋನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ತಾಯಿ ಮಗು ಉಳಿದರು.

ಆ ಪರಿಚಯ ಇಲ್ಲದವರು ಏನು ಮಾಡಬೇಕು? ನಾನು ಈ ಪತ್ರ ಬರೆಯುತ್ತಿರುವುದು ಈ ಒಂದು ಪ್ರಶ್ನೆಗಾಗಿ. ಆ ಎರಡು ನಿಮಿಷದ ಫೋನು ಯಾರ ಕೆಲಸವೂ ಆಗಿರಲಿಲ್ಲ. ಕಳಿಸಿದವರಿಗೆ ಮಾಡಬೇಕೆಂಬ ಕಟ್ಟಳೆ ಇರಲಿಲ್ಲ, ಬರಮಾಡಿಕೊಂಡವರ ಬಳಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೊಠಡಿಯ ನಂಬರೂ ಇರಲಿಲ್ಲ. ಇಬ್ಬರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ಆ ವೈದ್ಯೆಯ ಕಣ್ಣಿನಲ್ಲಿ ನಿದ್ದೆ ಇರಲಿಲ್ಲ, ಎದುರಿಗೆ ಇನ್ನೂ ಅನೇಕ ಗರ್ಭಿಣಿಯರು ಕಾಯುತ್ತಿದ್ದರು. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಅದೇ ಹೊತ್ತಿಗೆ ಇನ್ನೊಂದು ಹೆರಿಗೆ ಇತ್ತು. ಒಳ್ಳೆಯವರೇ ಎರಡೂ ಕಡೆ ಇದ್ದರು. ಅವರನ್ನು ಕೂಡಿಸುವ ಏರ್ಪಾಡು ಮಾತ್ರ ಇರಲಿಲ್ಲ.

ಇದರ ಬೇರು ಆಡಳಿತದಲ್ಲಿದೆ, ಅದು ನಿಮ್ಮಿಬ್ಬರ ಕೈಯಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಗೆ ಸೇರಿದವು. ಜಿಲ್ಲಾ ಆಸ್ಪತ್ರೆಯೂ ಹಿಂದೆ ಅಲ್ಲಿಯೇ ಇತ್ತು. ಸುಮಾರು ಎರಡು ದಶಕಗಳಿಂದ ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರ್, ಆಮೇಲೆ ಕೊಪ್ಪಳ, ಗದಗ, ಕಾರವಾರ, ಮಡಿಕೇರಿ, ಚಾಮರಾಜನಗರ, ಈಚೆಗೆ ಹಾವೇರಿ, ಯಾದಗಿರಿ, ಚಿಕ್ಕಮಗಳೂರು, ಚಿಕ್ಕಬಳ್ಳಾಪುರ ಹೀಗೆ ಜಿಲ್ಲೆಗೊಂದು ಸರ್ಕಾರಿ ವೈದ್ಯಕೀಯ ಕಾಲೇಜು ಬರುತ್ತಾ ಹೋಯಿತು. ಒಳ್ಳೆಯದೇ ಆಯಿತು. ಹಿಂದೆ ಬೆಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಿದ್ದವರಿಗೆ ತಜ್ಞರು ಜಿಲ್ಲೆಯಲ್ಲೇ ಸಿಕ್ಕರು. ಆದರೆ ಕಾಲೇಜಿನ ಜೊತೆಗೆ ಬೋಧಕ ಆಸ್ಪತ್ರೆಯಾದ ಜಿಲ್ಲಾ ಆಸ್ಪತ್ರೆಯ ಆಡಳಿತ ವೈದ್ಯಕೀಯ ಶಿಕ್ಷಣದ ಕಡೆಗೆ ಹೋಯಿತು. ಅಂಥ ಕಡೆ ಇಡೀ ಜಿಲ್ಲೆಯ ಆರೋಗ್ಯಕ್ಕೆ ಹೊಣೆಯಾದ ಜಿಲ್ಲಾ ಆರೋಗ್ಯಾಧಿಕಾರಿಗೆ ತನ್ನ ಜಿಲ್ಲೆಯ ಅತಿ ದೊಡ್ಡ ಆಸ್ಪತ್ರೆಯ ಮೇಲೆ ಹಿಡಿತವಿಲ್ಲ. ಕಾಲೇಜು ನಡೆಸುವ ಸಂಸ್ಥೆಯ ನಿರ್ದೇಶಕರಿಗೆ ತಾಲ್ಲೂಕು ಆಸ್ಪತ್ರೆಗಳ ಮೇಲೆ ಹಿಡಿತವಿಲ್ಲ. ಒಂದೇ ಕಟ್ಟಡದಲ್ಲಿ ಇಲಾಖೆಯ ಸಿಬ್ಬಂದಿ, ಸಂಸ್ಥೆಯ ಸಿಬ್ಬಂದಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವರು, ಹೊರಗುತ್ತಿಗೆಯವರು ಎಂದು ನಾಲ್ಕು ಬಗೆಯ ಜನ. ರಜೆ ಕೇಳುವ ಮೇಜು ಬೇರೆ, ಸಂಬಳ ಬರುವ ದಾರಿ ಬೇರೆ, ವಿವರಣೆ ಕೊಡಬೇಕಾದ ಅಧಿಕಾರಿ ಬೇರೆ. ಪಕ್ಕಪಕ್ಕದಲ್ಲಿ ನಿಂತು ದುಡಿಯುವವರು ಒಬ್ಬರಿಗೊಬ್ಬರು ಉತ್ತರದಾಯಿಗಳಲ್ಲ.

ಕಳಿಸುವ ಆಸ್ಪತ್ರೆಗೆ ‘ಸುಮ್ಮನೆ ಮೇಲಕ್ಕೆ ತಳ್ಳುತ್ತಾರೆ’ ಎಂಬ ಹೆಸರು. ಬರಮಾಡಿಕೊಳ್ಳುವ ಆಸ್ಪತ್ರೆಗೆ ‘ಬಂದವರ ಮೇಲೆ ಕೂಗಾಡುತ್ತಾರೆ’ ಎಂಬ ಹೆಸರು. ಎರಡರಲ್ಲೂ ಸ್ವಲ್ಪ ನಿಜವಿದೆ. ಅರಿವಳಿಕೆ ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆ ಸಿಸೇರಿಯನ್ ಮಾಡಲಾರದು, ಕಳಿಸಲೇಬೇಕು. ಹಾಸಿಗೆ ತುಂಬಿದ ಜಿಲ್ಲಾ ಆಸ್ಪತ್ರೆ ನೆಲದ ಮೇಲೆ ಮಲಗಿಸಲೇಬೇಕು. ಇಬ್ಬರೂ ತಿಂಗಳಿಗೊಮ್ಮೆ ಎದುರುಬದುರು ಕೂತು, ಯಾವ ಕೇಸನ್ನು ಇಲ್ಲಿಯೇ ಉಳಿಸಿಕೊಳ್ಳಬಹುದಿತ್ತು, ಯಾವುದನ್ನು ಎರಡು ಗಂಟೆ ಮೊದಲೇ ಕಳಿಸಬೇಕಿತ್ತು ಎಂದು ಮಾತಾಡಿದ್ದರೆ ಈ ಬೈಗುಳ ಅರ್ಧಕ್ಕರ್ಧ ಇಳಿಯುತ್ತಿತ್ತು. ನನ್ನ ಸೇವೆಯಲ್ಲಿ ಅಂಥ ಸಭೆ ನಡೆದದ್ದು ತಾಯಿ ಸತ್ತ ಮೇಲೆ ಮಾತ್ರ.

ಆ ಸಭೆಯ ಬಗ್ಗೆಯೂ ಹೇಳಬೇಕು. ತಾಯಿ ಮರಣ ಪರಿಶೀಲನೆಯ ಮಾರ್ಗಸೂಚಿ ಕಾಗದದಲ್ಲಿ ಚೆನ್ನಾಗಿದೆ. ತಪ್ಪಿತಸ್ಥರನ್ನು ಹಿಡಿಯುವುದು ಗುರಿಯಲ್ಲ, ಎಲ್ಲಿ ತಡವಾಯಿತೆಂದು ತಿಳಿಯುವುದು ಗುರಿ ಎಂದೇ ಅದು ಹೇಳುತ್ತದೆ. ಜಿಲ್ಲಾಧಿಕಾರಿಗಳ ಪರಿಶೀಲನೆಗೆ ಮೃತಳ ಮನೆಯವರನ್ನೂ ಕರೆಯಬೇಕೆಂಬ ನಿಯಮವಿದೆ. ನಡೆಯುವುದು ಬೇರೆ. ಪ್ರತಿಯೊಬ್ಬರೂ ತಮ್ಮ ಹಾಳೆಯನ್ನು ಹಿಡಿದು ಬರುತ್ತಾರೆ. ‘ನಾವು ಇಷ್ಟು ಗಂಟೆಗೆ ಕಳಿಸಿದ್ದೆವು’, ‘ನಮ್ಮಲ್ಲಿಗೆ ಬಂದಾಗಲೇ ಸ್ಥಿತಿ ಗಂಭೀರವಾಗಿತ್ತು’, ‘ರಕ್ತ ನಿಧಿಯಲ್ಲಿ ಆ ಗುಂಪಿನ ರಕ್ತ ಇರಲಿಲ್ಲ’. ಎಲ್ಲರ ಹಾಳೆಯೂ ಸರಿಯಾಗಿರುತ್ತದೆ, ತಾಯಿ ಮಾತ್ರ ಸತ್ತಿರುತ್ತಾಳೆ. ಕೊನೆಗೆ ನೋಟೀಸು ಹೋಗುವುದು ಅತ್ಯಂತ ಕೆಳಗಿನವರಿಗೆ, ಹೆಚ್ಚಾಗಿ ಆ ಪಾಳಿಯ ನರ್ಸಿಗೆ. ಒಮ್ಮೆ ಹಾಗೆ ನೋಟೀಸು ಪಡೆದವಳು ಮುಂದಿನ ಸಲ ಬಾಯಿ ಬಿಡುವುದಿಲ್ಲ, ಬರೆಯುವುದನ್ನೂ ಕಡಿಮೆ ಮಾಡುತ್ತಾಳೆ. ಭಯವಿದ್ದಲ್ಲಿ ಮಾಹಿತಿ ಹರಿಯುವುದಿಲ್ಲ.

2018–20ರ ಮಾದರಿ ನೋಂದಣಿ ವ್ಯವಸ್ಥೆಯ ವರದಿಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದೇಶದ ಸರಾಸರಿ 97 ಇದ್ದುದರಿಂದ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆದರೆ ದಕ್ಷಿಣದ ಐದು ರಾಜ್ಯಗಳಲ್ಲಿ ಅತಿ ಹೆಚ್ಚಿನ ದರ ನಮ್ಮದೇ ಆಗಿತ್ತು. ಹಿಂದಿನ ವರ್ಷಗಳಿಗಿಂತ ಅಂಕಿ ಇಳಿದಿತ್ತು, ನಿಜ, ಅದರಲ್ಲಿ ನನ್ನಂಥ ಸಾವಿರಾರು ನರ್ಸುಗಳ, ಆಶಾಗಳ ಬೆವರಿದೆ. ಇಳಿದದ್ದು ಸಾಲದು ಎಂದೇ ನಾನು ಕೇಳುತ್ತಿರುವುದು.

ದೊಡ್ಡ ದುರಂತಗಳಲ್ಲೂ ಇದೇ ಕಥೆ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ನಡೆದದ್ದನ್ನು ರಾಜ್ಯ ಮರೆತಿಲ್ಲ. ಒಂದೇ ದಿನದಲ್ಲಿ 24 ಜನ ಸತ್ತರು. ಆಮ್ಲಜನಕದ ಸಿಲಿಂಡರು ಮೈಸೂರಿನಿಂದ ಬರಬೇಕಿತ್ತು. ಬೆಳಗಾದ ಮೇಲೆ ನಾವು ಕೇಳಿದ್ದು ಎರಡು ಜಿಲ್ಲಾಡಳಿತಗಳ ಆರೋಪ ಪ್ರತ್ಯಾರೋಪ. ಹೈಕೋರ್ಟ್ ನೇಮಿಸಿದ ಸಮಿತಿ ಬಂದು ನೋಡಬೇಕಾಯಿತು, ಆಮ್ಲಜನಕ ಇಲ್ಲದ್ದೇ ಸಾವಿಗೆ ಕಾರಣ ಎಂದು ಅದು ಹೇಳಬೇಕಾಯಿತು. ಸಿಲಿಂಡರು ಎಷ್ಟು ಉಳಿದಿದೆ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬ ಲೆಕ್ಕ ವಾರ್ಡಿನಲ್ಲಿದ್ದವರಿಗೆ ಗೊತ್ತಿರುತ್ತದೆ. ಆ ಲೆಕ್ಕ ಲಾರಿ ಕಳಿಸುವ ಅಧಿಕಾರವಿದ್ದವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ಮುಟ್ಟಿದ ಮೇಲೆ ಇದು ನನ್ನ ಜಿಲ್ಲೆಯಲ್ಲ ಎಂಬ ಮಾತು ಬರಬಾರದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರು. ಐವರು ತೀರಿಕೊಂಡರು. ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಕೆಲವು ಬ್ಯಾಚುಗಳನ್ನು ಅದಕ್ಕೂ ಮೊದಲೇ ರಾಜ್ಯದ ಔಷಧ ಪ್ರಯೋಗಾಲಯ ಗುಣಮಟ್ಟದ್ದಲ್ಲ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ತಡೆಹಿಡಿದದ್ದು ಮತ್ತೆ ಬಳಕೆಗೆ ಬಂದಿತ್ತು. ಔಷಧ ನಿಯಂತ್ರಣದವರಿಗೆ ಒಂದು ಮಾಹಿತಿ, ಖರೀದಿ ಮಾಡುವ ನಿಗಮಕ್ಕೆ ಇನ್ನೊಂದು, ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕುವ ನರ್ಸಿಗೆ ಯಾವುದೂ ಇಲ್ಲ. ಅವಳಿಗೆ ಯಾರಾದರೂ ಒಂದು ಸಾಲಿನ ಸೂಚನೆ ಕಳಿಸಿದ್ದರೆ, ಇಂಥ ದ್ರಾವಣ ಹಾಕಿದ ಮೇಲೆ ಮೂತ್ರ ಕಡಿಮೆಯಾದರೆ ತಕ್ಷಣ ತಿಳಿಸಿ ಎಂದಿದ್ದರೆ, ಮೊದಲ ಬಾಣಂತಿಯಲ್ಲೇ ಅವಳ ಕಣ್ಣು ಎಚ್ಚರಗೊಳ್ಳುತ್ತಿತ್ತು. ಮೂತ್ರದ ಚೀಲವನ್ನು ಗಂಟೆಗಂಟೆಗೆ ನೋಡುವವಳು ಅವಳೇ.

ಇನ್ನು ಆಸ್ಪತ್ರೆಯ ಒಳಗೆ. ಗೋಡೆಗಳು ಒಳಗೂ ಇವೆ. ಸ್ತ್ರೀರೋಗ ವಿಭಾಗದ ರೋಗಿಗೆ ಹೃದಯದ ತೊಂದರೆ ಇದೆಯೇ ಎಂದು ಮೆಡಿಸಿನ್ ವಿಭಾಗದವರ ಅಭಿಪ್ರಾಯ ಬೇಕು. ಚೀಟಿ ಬರೆದು ಗಂಡನ ಕೈಗೆ ಕೊಡುತ್ತಾರೆ. ಅವನು ಇನ್ನೊಂದು ಬ್ಲಾಕು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಆ ಯೂನಿಟ್ಟಿನ ವೈದ್ಯರು ರೌಂಡ್ಸಿನಲ್ಲಿರುತ್ತಾರೆ, ಇಲ್ಲವೇ ಇವತ್ತು ನಮ್ಮ ಯೂನಿಟ್ಟಿನ ಸರದಿ ಅಲ್ಲ ಎನ್ನುತ್ತಾರೆ. ಅವನು ವಾಪಸ್ಸು ಬರುತ್ತಾನೆ, ಬೈಸಿಕೊಳ್ಳುತ್ತಾನೆ, ಮತ್ತೆ ಹೋಗುತ್ತಾನೆ. ರಕ್ತದ ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಅವನೇ, ವರದಿ ತರಲು ಅವನೇ, ರಕ್ತ ನಿಧಿಗೆ ಅವನೇ, ಔಷಧಾಲಯಕ್ಕೆ ಅವನೇ. ಹಳ್ಳಿಯಿಂದ ಬಂದ, ಬೋರ್ಡು ಓದಲು ಬಾರದ ಒಬ್ಬ ಮನುಷ್ಯ ಇಡೀ ಆಸ್ಪತ್ರೆಯ ವಿಭಾಗಗಳನ್ನು ತನ್ನ ಕಾಲಿನಿಂದ ಜೋಡಿಸುತ್ತಿರುತ್ತಾನೆ. ಕಡೆಯವರಿಲ್ಲದೆ ಒಬ್ಬಳೇ ಬಂದ ಮುದುಕಿಯ ಚೀಟಿ ದಿಂಬಿನ ಕೆಳಗೇ ಇರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಗೋಡೆ ಕಾಗದದಲ್ಲಿ ಕಾಣುವುದಿಲ್ಲ. ವೈದ್ಯರ ರೌಂಡ್ಸು ಒಂದು, ನರ್ಸುಗಳ ಪಾಳಿ ಬದಲಾವಣೆ ಇನ್ನೊಂದು. ನಮ್ಮ ಪಾಳಿ ಬದಲಾಗುವಾಗ ಹಾಸಿಗೆಯಿಂದ ಹಾಸಿಗೆಗೆ ನಡೆದು, ಯಾರಿಗೆ ರಾತ್ರಿ ಜ್ವರ ಬಂತು, ಯಾರು ಊಟ ಮಾಡಲಿಲ್ಲ, ಯಾರ ಡ್ರಿಪ್ ಊದಿಕೊಂಡಿದೆ ಎಂದು ಹೇಳಿ ಒಪ್ಪಿಸುತ್ತೇವೆ. ಅಲ್ಲಿ ವೈದ್ಯರಿರುವುದಿಲ್ಲ. ವೈದ್ಯರ ರೌಂಡ್ಸಿನಲ್ಲಿ ನಾವು ಕೇಸ್ ಶೀಟ್ ಹಿಡಿದು ಹಿಂದೆ ನಿಂತಿರುತ್ತೇವೆ, ಕೇಳಿದರೆ ಮಾತ್ರ ಹೇಳುತ್ತೇವೆ. ‘ಸಿಸ್ಟರ್, ಹೇಳಿದಷ್ಟು ಮಾಡಿ’ ಎಂಬ ಮಾತನ್ನು ಕೇಳದ ನರ್ಸ್ ಈ ರಾಜ್ಯದಲ್ಲಿ ಇರಲಿಕ್ಕಿಲ್ಲ. ಅದೇ ರೀತಿ ನಾವೂ ಆಯಾಗಳನ್ನು ಕೇಳುವುದು ಕಡಿಮೆ. ಬಾಣಂತಿಯ ಬಟ್ಟೆ ಬದಲಿಸುವಾಗ ರಕ್ತ ಜಾಸ್ತಿ ಹೋಗುತ್ತಿದೆ ಎಂದು ಮೊದಲು ಗೊತ್ತಾಗುವುದು ಆಯಾಗೆ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಈ ಮೌನವನ್ನು ಮುರಿಯಲು ಏನು ಮಾಡಬಹುದೆಂದು ಜಗತ್ತು ಆಗಲೇ ಕಂಡುಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಹಾಳೆಯ ಪರಿಶೀಲನಾ ಪಟ್ಟಿ ತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು ಹೀಗೆ ಮೂರು ಸಲ ಎಲ್ಲರೂ ನಿಲ್ಲಬೇಕು. ಶಸ್ತ್ರವೈದ್ಯರಿಂದ ನರ್ಸಿನವರೆಗೆ ತಂಡದವರೆಲ್ಲ ಹೆಸರು, ಕೆಲಸ ಹೇಳಿಕೊಳ್ಳಬೇಕು. ಯಾರಿಗೆ ಯಾವ ಆತಂಕವಿದೆಯೋ ಜೋರಾಗಿ ಹೇಳಬೇಕು. ಇದನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಹೊಸ ಯಂತ್ರ ತರಲಿಲ್ಲ, ಹೊಸ ಔಷಧ ಬರಲಿಲ್ಲ. ನಮ್ಮಲ್ಲಿ ಆ ಹಾಳೆ ಕೇಸ್ ಶೀಟಿನಲ್ಲಿ ಇದೆ. ಎಷ್ಟೋ ಕಡೆ ಅದನ್ನು ತುಂಬುವುದು ಆಪರೇಷನ್ ಮುಗಿದ ಮೇಲೆ, ಒಬ್ಬರೇ ಕೂತು, ಎಲ್ಲ ಚೌಕಗಳಿಗೂ ಒಂದೇ ಸಮ ಗುರುತು ಹಾಕಿ.

ಹಳ್ಳಿಯ ಕಡೆ ಬಂದರೆ ಗೋಡೆಯ ಇನ್ನೊಂದು ರೂಪ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಆಶಾ ಕಾರ್ಯಕರ್ತೆ ಆರೋಗ್ಯ ಅಭಿಯಾನದವಳು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಶುರುವಾಯಿತು. ಯಾವ ಗರ್ಭಿಣಿ ವಾರದಿಂದ ಊಟಕ್ಕೆ ಬಂದಿಲ್ಲ, ಯಾರ ಮುಖ ಬಿಳಿಚಿಕೊಂಡಿದೆ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತು. ಅವಳು ಅದನ್ನು ಪೋಷಣ್ ಟ್ರ್ಯಾಕರಿನಲ್ಲಿ ತುಂಬುತ್ತಾಳೆ. ಅದೇ ಗರ್ಭಿಣಿಯ ಹಿಮೋಗ್ಲೋಬಿನ್ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯ ಆರ್‌ಸಿಎಚ್ ಪೋರ್ಟಲಿನಲ್ಲಿದೆ. ಅವಳ ಗಂಡನಿಗೆ ಕ್ಷಯ ಇದ್ದರೆ ಅದು ನಿಕ್ಷಯ್ ಪೋರ್ಟಲಿನಲ್ಲಿ. ಅತ್ತೆಯ ಸಕ್ಕರೆ ಕಾಯಿಲೆ ಇನ್ನೊಂದರಲ್ಲಿ. ಒಂದೇ ಸೂರಿನ ಕೆಳಗಿನ ಒಂದು ಕುಟುಂಬಕ್ಕೆ ಇಷ್ಟು ಲೆಕ್ಕ, ಇಷ್ಟು ನಂಬರು. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದು ಆಭಾ ಎಂಬ ಆರೋಗ್ಯ ಸಂಖ್ಯೆ ಎಲ್ಲವನ್ನೂ ಹೊಲಿಯುತ್ತದೆ ಎಂದರು. ಸಂಖ್ಯೆ ಮಾಡಿಸುವ ಗುರಿ ಮುಟ್ಟಲು ನಮ್ಮ ಹೆಣ್ಣುಮಕ್ಕಳು ಮನೆಮನೆ ಅಲೆದರು. ರೋಗಿ ಜಿಲ್ಲಾ ಆಸ್ಪತ್ರೆಗೆ ಹೋದಾಗ ಆ ಸಂಖ್ಯೆ ಒತ್ತಿ ತಾಲ್ಲೂಕಿನ ದಾಖಲೆಯನ್ನು ಡ್ಯೂಟಿ ಡಾಕ್ಟರ್ ತೆರೆದು ನೋಡಿದ್ದನ್ನು ನಾನಿನ್ನೂ ಕಂಡಿಲ್ಲ.

ನಮ್ಮ ತಂಗಿಯ ಸೊಸೆ ಮನೆಗೆ ಬಂದ ಮೇಲೂ ಇದೇ ಆಯಿತು. ಬಿ.ಪಿ. ಮಾತ್ರೆ ನುಂಗಬೇಕು, ಹೆರಿಗೆಯ ನಂತರದ ಮೊದಲ ವಾರದಲ್ಲಿ ಬಿ.ಪಿ. ಮತ್ತೆ ಏರುವ ಅಪಾಯ ಇದೆ. ಇದೆಲ್ಲ ಡಿಸ್ಚಾರ್ಜ್ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಇತ್ತು. ಆ ಹಾಳೆ ಮನೆಯ ಟ್ರಂಕಿಗೆ ಹೋಯಿತು. ಊರಿನ ಆರೋಗ್ಯ ಕೇಂದ್ರಕ್ಕೆ ಯಾರೂ ತಿಳಿಸಲಿಲ್ಲ. ಆಶಾ ನಿಯಮದಂತೆ 3, 7, 14, 21, 28, 42ನೇ ದಿನಗಳಲ್ಲಿ ಮನೆಗೆ ಬರುತ್ತಾಳೆ, ಮಗುವಿನ ತೂಕ ನೋಡುತ್ತಾಳೆ, ಮೈ ಬಿಸಿ ನೋಡುತ್ತಾಳೆ. ಈ ತಾಯಿಗೆ ನಂಜಿನ ಅಪಾಯ ಬಂದು ಹೋಗಿತ್ತು ಎಂದು ಅವಳಿಗೆ ಹೇಳಿದವರೇ ಇಲ್ಲ. ಬಿ.ಪಿ. ನೋಡುವ ಯಂತ್ರವೂ ಅವಳ ಚೀಲದಲ್ಲಿ ಇರಲಿಲ್ಲ. ತಾಯಿ ಕಾರ್ಡನ್ನು ಒಂಬತ್ತು ತಿಂಗಳು ಜೋಪಾನ ಮಾಡಿಸುತ್ತೇವೆ, ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಮೇಲೆ ಒಂದು ಸಾಲು ಬರೆದು ಕಳಿಸಲು ಯಾರಿಗೂ ಬಿಡುವಿರಲಿಲ್ಲ.

ಒಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ರೋಗಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದಕ್ಕೆ ಕಂಪ್ಯೂಟರ್ ಇದೆ, ಲಾಗಿನ್ ಇದೆ, ಸಂಖ್ಯೆ ಇದೆ, ಇಲ್ಲದಿದ್ದರೆ ದುಡ್ಡು ಪಾವತಿಯಾಗುವುದಿಲ್ಲ. ದುಡ್ಡಿನ ಲೆಕ್ಕ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ತಪ್ಪದೆ ಮುಟ್ಟುವಂತೆ ಮಾಡಲು ಸರ್ಕಾರಕ್ಕೆ ಸಾಧ್ಯವಾಗಿದೆ. ಕೊಟ್ಟ ಇಂಜೆಕ್ಷನ್ನಿನ ಲೆಕ್ಕ ಮುಟ್ಟುವಂತೆ ಮಾಡಲು ಏಕೆ ಆಗುವುದಿಲ್ಲ?

ಆಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಕ್ಷಯದ ಕಾರ್ಯಕ್ರಮವೂ ಎಚ್‌ಐವಿ ಕಾರ್ಯಕ್ರಮವೂ ಬೇರೆ ಬೇರೆ ಸಂಸ್ಥೆ, ಬೇರೆ ಬೇರೆ ಹಣ, ಬೇರೆ ಬೇರೆ ಸಿಬ್ಬಂದಿ. ಎರಡೂ ಕಾಯಿಲೆ ಒಬ್ಬನೇ ಮನುಷ್ಯನ ಮೈಯಲ್ಲಿ ಕೂಡುತ್ತಿದ್ದವು, ಕಾರ್ಯಕ್ರಮದವರು ಒಬ್ಬರಿಗೊಬ್ಬರು ತಿಳಿಸದೆ ಜನ ಸಾಯುತ್ತಿದ್ದರು. 2001ರಲ್ಲಿ ಕರ್ನಾಟಕವೂ ಸೇರಿ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಜಂಟಿ ಕ್ರಿಯಾ ಯೋಜನೆ ಶುರುವಾಯಿತು. ಕ್ಷಯ ರೋಗಿಗೆ ಎಚ್‌ಐವಿ ಪರೀಕ್ಷೆ, ಎಚ್‌ಐವಿ ಇದ್ದವರಿಗೆ ಕ್ಷಯದ ತಪಾಸಣೆ, ಎರಡೂ ಕಡೆಯವರ ಜಂಟಿ ಸಭೆ. ಮುಂದೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿಯೇ ಕ್ಷಯದ ಮಾತ್ರೆಯೂ ಸಿಗುವಂತಾಯಿತು. ಯಾರ ಇಲಾಖೆಯನ್ನೂ ಮುಚ್ಚಲಿಲ್ಲ. ಯಾರು ಯಾರಿಗೆ, ಯಾವಾಗ, ಏನು ತಿಳಿಸಬೇಕೆಂದು ಬರೆದಿಟ್ಟರು, ತಿಂಗಳಿಗೊಮ್ಮೆ ತಾಳೆ ನೋಡಿದರು. ಹಾಗೆಯೇ ಅಂಗನವಾಡಿಯಲ್ಲಿ ನಡೆಯುವ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತೆ ದಿನ. ಅಂದು ಸುರಕ್ಷಾಧಿಕಾರಿ, ಆಶಾ, ಅಂಗನವಾಡಿ ಕಾರ್ಯಕರ್ತೆ ಮೂವರೂ ಒಂದೇ ಚಾಪೆಯ ಮೇಲೆ ಕೂತಿರುತ್ತಾರೆ. ಪೋರ್ಟಲು ಮಾಡದ ಕೆಲಸವನ್ನು ಆ ಮೂವರು ಮಾತಿನಲ್ಲಿ ಮುಗಿಸುತ್ತಾರೆ. ‘ಅವಳು ತವರಿಗೆ ಹೋಗಿದ್ದಾಳೆ, ಅಲ್ಲಿಯ ಆಶಾಗೆ ಫೋನ್ ಮಾಡು’ ಎಂಬಲ್ಲಿಗೆ ಒಂದು ಜೀವ ಕೈತಪ್ಪುವುದಿಲ್ಲ.

ಇದು ಹೊಸ ದೂರೂ ಅಲ್ಲ. ಮಲೇರಿಯಾದವರು ಒಬ್ಬರು, ಲಸಿಕೆಯವರು ಒಬ್ಬರು, ಕುಟುಂಬ ಯೋಜನೆಯವರು ಒಬ್ಬರು ಎಂದು ಒಂದೇ ಮನೆಯ ಬಾಗಿಲಿಗೆ ಬೇರೆ ಬೇರೆಯಾಗಿ ಹೋಗುತ್ತಿದ್ದ ಕಾಲದಲ್ಲಿ ಕರ್ತಾರ್ ಸಿಂಗ್ ಸಮಿತಿ 1973ರಲ್ಲಿ ವರದಿ ಕೊಟ್ಟು, ಇವರನ್ನು ಕೂಡಿಸಿ ಬಹೂದ್ದೇಶ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಿ ಎಂದಿತ್ತು. ಐವತ್ತು ವರ್ಷ ಕಳೆದಿದೆ. ಹಳ್ಳಿಯಲ್ಲಿ ಕೂಡಿಸಿದ್ದನ್ನು ನಾವು ಜಿಲ್ಲೆಯಲ್ಲಿ ಬೇರೆ ಮಾಡಿಕೊಂಡಿದ್ದೇವೆ.

ಮಾನ್ಯರೇ, ಎರಡು ಇಲಾಖೆಗಳನ್ನು ಒಂದು ಮಾಡಿ ಎಂದು ನಾನು ಕೇಳುತ್ತಿಲ್ಲ. ಅದು ವರ್ಷಗಳ ಮಾತು, ಅಷ್ಟರಲ್ಲಿ ಇನ್ನೆಷ್ಟು ಚೀಟಿಗಳು ಬರಿದಾಗಿ ಬರುತ್ತವೋ. ನಿಮ್ಮಿಬ್ಬರ ಸಹಿ ಇರುವ ಒಂದೇ ಒಂದು ಜಂಟಿ ಆದೇಶ ಸಾಕು. ತುರ್ತು ರೋಗಿಯನ್ನು ಕಳಿಸುವ ಮೊದಲು ಕಳಿಸುವ ವೈದ್ಯರೋ ನರ್ಸೋ ಬರಮಾಡಿಕೊಳ್ಳುವವರಿಗೆ ಫೋನ್ ಮಾಡಿ ಹೇಳಲೇಬೇಕು, ಹೇಳಿದವರ ಹೆಸರೂ ಕೇಳಿಸಿಕೊಂಡವರ ಹೆಸರೂ ಚೀಟಿಯಲ್ಲಿ ಬರಬೇಕು. ಕೊಟ್ಟ ಔಷಧ, ಪ್ರಮಾಣ, ಗಂಟೆ ಇಲ್ಲದ ಚೀಟಿಯನ್ನು ಚೀಟಿಯೆಂದು ಪರಿಗಣಿಸಬಾರದು. ಪ್ರತಿ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೂ ತುರ್ತು ವಿಭಾಗಕ್ಕೂ ಪಾಳಿಯಿಂದ ಪಾಳಿಗೆ ಕೈ ಬದಲಾಗುವ, ಯಾರ ಸ್ವಂತದ್ದೂ ಅಲ್ಲದ ಒಂದು ಮೊಬೈಲ್ ಕೊಡಿ. ಮನೆಗೆ ಕಳಿಸಿದ ಮಾರನೆಯ ದಿನದೊಳಗೆ ಆ ಊರಿನ ಆರೋಗ್ಯ ಕೇಂದ್ರಕ್ಕೆ ಮರುಪತ್ರ ಹೋಗಬೇಕು, ಕನ್ನಡದಲ್ಲಿ, ಆಶಾ ಓದಿ ತಿಳಿಯುವಂತೆ. ಆಸ್ಪತ್ರೆಯೊಳಗೆ ಅಭಿಪ್ರಾಯದ ಚೀಟಿಯನ್ನೂ ರಕ್ತದ ಮಾದರಿಯನ್ನೂ ಒಯ್ಯುವ ಕೆಲಸ ಆಸ್ಪತ್ರೆಯದು, ಕಡೆಯವರ ಕೈಗೆ ಕೊಡಕೂಡದು ಎಂದು ಬರೆಯಿರಿ, ಅದಕ್ಕೆ ಬೇಕಾದ ಗ್ರೂಪ್ ಡಿ ಹುದ್ದೆಗಳನ್ನು ತುಂಬಿ. ಜನ ಕೊಡದೆ ಆದೇಶ ಮಾತ್ರ ಕೊಟ್ಟರೆ ಆ ಹೊರೆಯೂ ನರ್ಸಿನ ಹೆಗಲಿಗೇ ಬೀಳುತ್ತದೆ.

ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಸಂಸ್ಥೆಯ ನಿರ್ದೇಶಕರು ಇಬ್ಬರೂ ಒಟ್ಟಿಗೆ ಅಧ್ಯಕ್ಷತೆ ವಹಿಸುವ ಸಭೆ ನಡೆಯಲಿ. ಸತ್ತವರ ಬಗ್ಗೆ ಮಾತ್ರ ಅಲ್ಲ, ಕೂದಲೆಳೆಯಲ್ಲಿ ಉಳಿದವರ ಬಗ್ಗೆಯೂ ಅಲ್ಲಿ ಮಾತಾಗಲಿ. ನರ್ಸುಗಳು ಕೂತು ಮಾತಾಡಲಿ, ಹೇಳಿದ್ದಕ್ಕೆ ನೋಟೀಸು ಬರುವುದಿಲ್ಲ ಎಂಬ ಲಿಖಿತ ಭರವಸೆ ಇರಲಿ. ಯಾವುದಾದರೂ ಔಷಧದ ಮೇಲೆ ಅನುಮಾನ ಬಂದ ದಿನವೇ ಅದರ ಬ್ಯಾಚ್ ಸಂಖ್ಯೆ ರಾಜ್ಯದ ಪ್ರತಿ ವಾರ್ಡಿನ ನರ್ಸಿನ ಫೋನಿಗೆ ಬರಲಿ, ಯಾವ ಪ್ರಯೋಗಾಲಯದ ಮಾತು ಗೆಲ್ಲುತ್ತದೆಂದು ಕಾಯುವುದು ಬೇಡ.

ನರ್ಸುಗಳಿಗೂ ವೈದ್ಯರಿಗೂ ಒಂದು ಕೋರಿಕೆ. ಆದೇಶ ಬರುವವರೆಗೆ ಕಾಯಬೇಡಿ. ನಿಮ್ಮ ಜಿಲ್ಲೆಯ ಮೇಲಿನ ಆಸ್ಪತ್ರೆಯ, ಕೆಳಗಿನ ಆಸ್ಪತ್ರೆಗಳ ಹೆರಿಗೆ ಕೊಠಡಿಯ ನಂಬರುಗಳನ್ನು ಇವತ್ತೇ ತೆಗೆದುಕೊಂಡು ಗೋಡೆಗೆ ಅಂಟಿಸಿ. ಓದುಗರಲ್ಲೂ ಬೇಡುತ್ತೇನೆ. ನಿಮ್ಮವರನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ, ಏನು ಕೊಟ್ಟಿರಿ, ಎಷ್ಟು ಗಂಟೆಗೆ ಕೊಟ್ಟಿರಿ, ಚೀಟಿಯಲ್ಲಿ ಬರೆಯಿರಿ ಎಂದು ಕೇಳಿ ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಸಚಿವರಿಬ್ಬರೂ ಈ ಪತ್ರಕ್ಕೆ ಒಂದೇ ಉತ್ತರವನ್ನು, ಇಬ್ಬರ ಸಹಿಯೊಂದಿಗೆ, ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ